ಸಾವಂತ್ರೆವ್ವ ಕಾಲು ನೆಲಕ್ಕಿಟ್ಟದ್ದು

ಈ ಸಂಗತಿಯನ್ನು ನಾನು ಮೂವರ ಬಾಯಿಂದ ಕೇಳಿದ್ದೇನೆ: ಗಡಿಯಾರ ರಿಪೇರಿ ಮಾಡುವ ಇಮಾಮಸಾಬರಿಂದ, ಹಿಟ್ಟಿನ ಗಿರಣಿಯ ಗುರುಸಿದ್ದಪ್ಪನವರಿಂದ, ಕೊನೆಗೆ ಸ್ವತಃ ಸಾವಂತ್ರೆವ್ವನಿಂದ. ಮೂವರೂ ಹೇಳಿದ್ದು ಒಂದೇ ಜಗಲಿಯ ಮೇಲೆ ಕೂತು, ಆದರೆ ಬೇರೆ ಬೇರೆ ದಿನ, ಒಬ್ಬರು ಇಲ್ಲದಾಗ ಇನ್ನೊಬ್ಬರು. ಮೂರು ಹೇಳಿಕೆಗಳೂ ಕೂಡುವ ಕಡೆ ಸುಮ್ಮನೆ ಬರೆದುಕೊಂಡು ಹೋಗಿದ್ದೇನೆ. ಕೂಡದ ಕಡೆ ಯಾರು ಏನೆಂದರು ಎಂಬುದನ್ನು ಹಾಗೆಯೇ ಇಟ್ಟಿದ್ದೇನೆ. ತೀರ್ಪು ಕೊಡುವುದು ಕೇಳಿ ಬರೆಯುವವನ ಕೆಲಸವಲ್ಲ.

ಆ ಊರಿನ ಬೆನ್ನಿಗೆ ಕೆಂಪು ಬಂಡೆಗಳ ಗುಡ್ಡಸಾಲು ಇದೆ. ಅದನ್ನು ಹತ್ತುವವರಿಗೆ ದಣಿವಾಗುವುದಿಲ್ಲ. ಅವರ ಪರವಾಗಿ ಊರಿನಲ್ಲಿ ಕೂತವರಿಗೆ ಆಗುತ್ತದೆ. ಏರುವವರು ಗುಡ್ಡದ ಬುಡದಲ್ಲಿ ಮೊದಲ ಕಲ್ಲಿಗೆ ಅಂಗೈ ಊರಿ, ತುಟಿಯನ್ನು ಕಲ್ಲಿನ ಹತ್ತಿರ ಒಯ್ದು, ಪಕ್ಕದವರಿಗೂ ಕೇಳಿಸದಂತೆ ಒಬ್ಬರ ಹೆಸರು ಹೇಳುತ್ತಾರೆ. ಆ ಹೆಸರಿನವರ ಬರಿಗಾಲು ಊರಿನ ನೆಲಕ್ಕೆ ತಾಗಿದ್ದರೆ ಸಾಕು, ಮೀನಖಂಡದ ನೋವು, ತೋಳಿನ ಸೋಲು, ಬಾಯಾರಿಕೆ, ಎಲ್ಲವೂ ಇಳಿದುಬಂದು ಅವರನ್ನು ಸೇರುತ್ತವೆ. ಕಾಲು ನೆಲದಿಂದ ಎತ್ತಿದರೆ ದಣಿವು ಯಾರದೋ ಅವರಲ್ಲಿಗೇ ಹಿಂತಿರುಗುತ್ತದೆ. ಹೀಗಾಗಿ ಮೊದಲಿನಿಂದಲೂ ಆ ಊರಿನಲ್ಲಿ ಜನ ಎರಡು ಬಗೆ. ಹತ್ತುವವರನ್ನು ಏರುವವರು ಎನ್ನುತ್ತಾರೆ, ಅವರಿಗಾಗಿ ದಣಿಯುವವರನ್ನು ಕುಂತವರು ಎನ್ನುತ್ತಾರೆ.

ಇಬ್ಬರೂ ಸೇರಿ ನಡೆಸುವುದು ಗುಡ್ಡದ ಸಂಘ. ಭಾನುವಾರ ಬೆಳಿಗ್ಗೆ ಏರುವವರು ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟರೆ, ಕುಂತವರು ಸಂಘದ ಜಗಲಿಯ ಮೇಲೆ ಸಾಲಾಗಿ ಕೂತು ಕಾಲು ಇಳಿಬಿಡುತ್ತಾರೆ. ಅಂಗಳದಲ್ಲಿ ಒಂದು ದೊಡ್ಡ ಹಂಡೆಯ ತುಂಬ ಬಿಸಿನೀರು ಕಾಯುತ್ತಿರುತ್ತದೆ. ಔಡಲೆಣ್ಣೆಯ ಬಟ್ಟಲು ಕೈಯಿಂದ ಕೈಗೆ ದಾಟುತ್ತದೆ. ಮೇಲೆ ಯಾರೋ ಕಡಿದಾದ ಬಂಡೆಗೆ ಕೈ ಹಚ್ಚಿದರೆ ಕೆಳಗೆ ಯಾರೋ ಒಬ್ಬರು ಮಾತಿನ ನಡುವೆ ಉಸ್ಸೆನ್ನುತ್ತಾರೆ. ಭಾನುವಾರ ಆ ಊರಿನ ಕ್ಷೌರದಂಗಡಿ ಮುಚ್ಚಿರುತ್ತದೆ, ಏಕೆಂದರೆ ಕ್ಷೌರಿಕ ತನ್ನ ಅಳಿಯನಿಗೆ ಕೂರುತ್ತಾನೆ, ಸೋತ ಕೈಯಲ್ಲಿ ಕತ್ತಿ ಹಿಡಿಯುವುದು ಯಾರಿಗೂ ಕ್ಷೇಮವಲ್ಲ. ಹೆಣ್ಣು ಕೊಡುವವರು ಹುಡುಗ ಏರುವವನೋ ಕುಂತವನೋ ಎಂದು ಮೊದಲೇ ಕೇಳಿಕೊಳ್ಳುತ್ತಾರೆ. ಇನ್ನು ಏರುವವರ ಸುಖ ಏನೆನ್ನಬೇಕು. ಅವರು ನೀರು ಒಯ್ಯುವುದಿಲ್ಲ, ಬುತ್ತಿ ಒಯ್ಯುವುದಿಲ್ಲ, ನಡುವೆ ಎಲ್ಲಿಯೂ ನಿಲ್ಲುವುದಿಲ್ಲ. ಬಿಸಿಲೇರುವ ಮೊದಲೇ ತುದಿ ಮುಟ್ಟಿ, ಮದುವೆಗೆ ಹೋಗಿ ಬಂದವರ ಹಾಗೆ ಮಡಿಕೆ ಮಾಸದ ಅಂಗಿಯಲ್ಲಿ ಇಳಿದು ಬರುತ್ತಾರೆ.

ಸಾವಂತ್ರೆವ್ವ ಕುಂತವಳು. ಮದುವೆಯಾಗಿ ಆ ಊರಿಗೆ ಬಂದಾಗ ಅವಳಿಗೆ ಈ ಪದ್ಧತಿಯೊಂದೂ ಗೊತ್ತಿರಲಿಲ್ಲ. ಗಂಡ ಬಸಲಿಂಗಪ್ಪ ಬಳೆ ಅಂಗಡಿಯವನು. ಗುಡ್ಡವಿರಲಿ, ಅಟ್ಟ ಹತ್ತಲೂ ಒಲ್ಲದ ಮನುಷ್ಯ. ಹತ್ತುವ ಹುಚ್ಚು ಇದ್ದದ್ದು ಅವನ ತಂಗಿ ಕಸ್ತೂರಿಗೆ. ಅವಳಾಗ ಇನ್ನೂ ಲಂಗ ಉಡುವ ಹುಡುಗಿ, ತಾಯಿ ಇಲ್ಲದವಳು. ಒಂದು ದಿನ ರೊಟ್ಟಿ ಬಡಿಯುತ್ತಿದ್ದ ಹೊಸ ಅತ್ತಿಗೆಯ ಎದುರು ಬಂದು ಕೂತು, ಹಿಟ್ಟಿನಲ್ಲಿ ಬೆರಳಾಡಿಸುತ್ತ, "ನನಗ ಕುಂಡ್ರತೀಯೇನ ವೈನಿ?" ಎಂದು ಕೇಳಿದಳು. ಕೇಳಿದ್ದೇನೆಂದು ಸಾವಂತ್ರೆವ್ವನಿಗೆ ಪೂರ್ತಿ ತಿಳಿಯಲಿಲ್ಲ, ಆದರೂ ಹೂಂ ಎಂದಳು. ಆ ಭಾನುವಾರ ಸಂಜೆ ಅವಳಿಗೆ ನಿಂತು ದೀಪ ಹಚ್ಚಲು ಆಗಲಿಲ್ಲವಂತೆ. ಕಸ್ತೂರಿಯೇ ದೀಪ ಹಚ್ಚಿ, ಬಿಸಿನೀರು ತಂದು, ಅತ್ತಿಗೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತ, ಹೋದಲ್ಲಿ ಏನೇನಾಯಿತು ಎಂದು ಒಂದೂ ಬಿಡದೆ ಹೇಳಿದಳು.

ಅಂದಿನಿಂದ ಇಪ್ಪತ್ತು ವರ್ಷ ಇವಳು ಕೂತಳು, ಅವಳು ಏರಿದಳು. ಕಸ್ತೂರಿ ಬಜಾರಿನಲ್ಲಿ ಸೈಕಲ್ ರಿಪೇರಿಯ ಅಂಗಡಿ ಇಟ್ಟಳು, ಮದುವೆ ಒಲ್ಲೆ ಎಂದಳು, ಸಂಘದ ಮುಂದಾಳಾದಳು. ಗುಡ್ಡಸಾಲಿನ ತುತ್ತತುದಿಯಲ್ಲಿ ಕಡಗೋಲು ನಿಲ್ಲಿಸಿದ ಹಾಗೆ ಒಂದು ಬಂಡೆ ನಿಂತಿದೆ, ಅದರ ಹೆಸರೇ ಕಡಗೋಲುಗುಂಡು. ಚಳಿಗಾಲ ಹೊಕ್ಕ ಮೊದಲ ಭಾನುವಾರ ಸಂಘದವರು ಅದನ್ನು ಹತ್ತುವುದು ವರ್ಷದ ದೊಡ್ಡ ಕೆಲಸ. ಮೊದಲು ಹಗ್ಗ ಒಯ್ಯುವವಳು ಕಸ್ತೂರಿ. ಅವಳು ಮೇಲೆ ಕಟ್ಟಿದ ಹಗ್ಗ ಹಿಡಿದು ಉಳಿದವರು ಹೋಗಬೇಕು. ಆ ಬಂಡೆಯನ್ನು ಸಾವಂತ್ರೆವ್ವ ಹತ್ತಿರದಿಂದ ಕಂಡವಳಲ್ಲ. ಊರಿನಿಂದ ಅದು ಮೋಡಕ್ಕೆ ತೋರಿಸಿದ ಬೆರಳಿನಷ್ಟೇ ಕಾಣುತ್ತದೆ. ಆದರೆ ಅದರ ಒಂದೊಂದು ಮಗ್ಗಲೂ ಅವಳ ಮೈಗೆ ಗೊತ್ತಿತ್ತು. ಬೆರಳ ತುದಿ ಉರಿದರೆ ಬುಡದ ಒರಟುಗಲ್ಲು, ಸೊಂಟ ಹಿಡಿದರೆ ತಿರುವು, ಎರಡೂ ತೋಳು ಕಳಚಿ ಬೀಳುವಂತಾದರೆ ನಡುಬಿರುಕು. ಆ ನಡುಬಿರುಕಿನಲ್ಲಿ ನೋವಿನ ಜೊತೆಗೆ ಇನ್ನೊಂದು ಬರುತ್ತಿತ್ತು. ಬಲಗೈ ಮಣಿಕಟ್ಟು ತನ್ನಷ್ಟಕ್ಕೆ ನಡುಗುತ್ತಿತ್ತು. ಅದು ದಣಿವಲ್ಲ, ಅಂಜಿಕೆ ಎಂದು ಸಾವಂತ್ರೆವ್ವನಿಗೆ ಮೊದಲ ವರ್ಷವೇ ತಿಳಿದಿತ್ತು.

ಕುಂತವರಲ್ಲಿ ಒಂದು ಕಟ್ಟು ಇದೆ. ಏರುವವರ ಮೈಯಿಂದ ಬಂದದ್ದನ್ನು ಬಾಯಿಂದ ಹೊರಹಾಕಬಾರದು. ಯಾರ ಮೊಣಕಾಲು ಸವೆದಿದೆ, ಯಾರಿಗೆ ಎದೆ ಹಾರುತ್ತದೆ, ಯಾರು ಅರ್ಧ ದಾರಿಯಲ್ಲಿ ಅಳುತ್ತಾರೆ, ಎಲ್ಲವೂ ಅವರಿಗೆ ಗೊತ್ತು. ಗೊತ್ತಿದ್ದೂ ಉಪ್ಪಿನಕಾಯಿಯ ಮಾತಾಡುತ್ತಾರೆ. ಸಾವಂತ್ರೆವ್ವ ಆ ಕಟ್ಟನ್ನು ಇಪ್ಪತ್ತು ವರ್ಷ ಪಾಲಿಸಿ, ಒಂದು ಭಾನುವಾರ ಮುರಿದಳು. ಜಗಲಿಯ ಮೇಲೆ ಯಾರೋ ತಾಯಿಯೊಬ್ಬಳು, ತನ್ನ ಮಗನ ಮೈಯಲ್ಲಿ ಅಂಜಿಕೆ ಅನ್ನುವುದೇ ಇಲ್ಲ, ಬರೀ ದಣಿವು ಬರುತ್ತದೆ ಎಂದು ಹೆಮ್ಮೆ ಪಟ್ಟಳಂತೆ. ಸಾವಂತ್ರೆವ್ವ ಎಣ್ಣೆ ತಿಕ್ಕಿಕೊಳ್ಳುತ್ತ, "ಅಂಜಿಕಿ ಇಲ್ಲದ ಏರೋದು ಯಾವ ದೊಡ್ಡ ಮಾತವ್ವ? ನಮ್ಮ ಕಸ್ತೂರಿನ ನೋಡು. ನಡುಬಿರುಕಿಗೆ ಬಂದ್ಲಂದ್ರ ಬಲಗೈ ಎಲಿ ನಡಗಿದಂಗ ನಡಗತೈತಿ. ಇಪ್ಪತ್ತ ವರ್ಷಾತು, ಇನ್ನೂ ನಡಗತೈತಿ. ಆದ್ರೂ ಹೋಗ್ತಾಳ" ಎಂದಳು.

ಅಭಿಮಾನದಿಂದ ಹೇಳಿದ ಮಾತು. ಆದರೆ ಜಗಲಿಯಿಂದ ಇಳಿದು ಬಜಾರು ಮುಟ್ಟುವಷ್ಟರಲ್ಲಿ 'ಆದರೂ ಹೋಗುತ್ತಾಳೆ' ಎಂಬುದು ಎಲ್ಲಿಯೋ ಬಿದ್ದುಹೋಗಿ, 'ನಡುಗುತ್ತದೆ' ಎಂಬುದಷ್ಟೇ ಉಳಿಯಿತು. ಮರುದಿನ ಸೈಕಲ್ ರಿಪೇರಿಗೆ ಬಂದ ಹುಡುಗನೊಬ್ಬ, "ಕಸ್ತೂರಕ್ಕ, ಚಕ್ರ ನಾ ಹಿಡ್ಕೋತೀನಿ ತಗೋ. ನಿನ್ನ ಕೈ ನಡಗತಾವಂತ" ಎಂದ. ಕಸ್ತೂರಿ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು, ಅಂಗಡಿಗೆ ಬಾಗಿಲು ಹಾಕಿ, ಮನೆಗೆ ಬಂದಳು. ಅತ್ತಿಗೆ ಹಿತ್ತಲಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು.

"ನಿನಗ ದಣಿವು ಕೊಟ್ಟಿದ್ದೆ ವೈನಿ," ಎಂದಳು ಕಸ್ತೂರಿ. "ಅಂಜಿಕಿ ಕೊಟ್ಟಿರಲಿಲ್ಲ. ಅದು ಕೂಡೇ ಬಂದಿದ್ರ ಒಳಗ ಇಟ್ಕೋಬೇಕಿತ್ತು."

ಸಾವಂತ್ರೆವ್ವ ಏನೋ ಹೇಳಹೋದಳು. ಕಸ್ತೂರಿ ಆಗಲೇ ಒಳಗೆ ಹೋಗಿದ್ದಳು.

ಅಂದಿನಿಂದ ಮನೆಯಲ್ಲಿ ಇಬ್ಬರ ಮಾತೂ ಬಸಲಿಂಗಪ್ಪನ ಮೇಲಿಂದ ಹಾಯತೊಡಗಿತು. "ನಿಮ್ಮ ತಂಗಿಗೆ ಹೇಳ್ರಿ, ರೊಟ್ಟಿ ಆರಾಕತ್ತಾವ." "ಅಣ್ಣಾ, ವೈನಿಗೆ ಹೇಳು, ನನಗ ಹಸಿವಿಲ್ಲ." ತಟ್ಟೆಯ ಮುಂದೆ ಕೂತ ಬಸಲಿಂಗಪ್ಪ ಎರಡು ದಿನ ಇದನ್ನು ದಾಟಿಸಿದ; ಮೂರನೆಯ ದಿನ, "ನಾ ಏನ ಟಪಾಲಿನವನೇನ? ಮೂರೂ ಮಂದಿ ಒಂದ ಖೋಲಿಯಾಗ ಕುಂತೀವಿ, ಎಲ್ಲಾರಿಗೂ ಕಿವಿ ಅದಾವ" ಎಂದು ರೇಗಿದ. ಆ ಮಾತಿಗೆ ಇಬ್ಬರೂ ನಕ್ಕರೆಂದು ಗುರುಸಿದ್ದಪ್ಪನವರು ಹೇಳುತ್ತಾರೆ. ನಗಲಿಲ್ಲ, ನಗು ಬಂತು, ಅಷ್ಟೇ ಎಂದು ಸಾವಂತ್ರೆವ್ವ ತಿದ್ದುತ್ತಾಳೆ.

ಕಡಗೋಲುಗುಂಡಿನ ದಿನ ಹತ್ತಿರ ಬಂತು. ಹಿಂದಿನ ಸಂಜೆ ಸಂಘದ ಅಂಗಳದಲ್ಲಿ ಎಲ್ಲರೂ ಕೂಡುವುದು ವಾಡಿಕೆ. ಕಾರ್ಯದರ್ಶಿ ಇಮಾಮಸಾಬರು ಹೊಸ ಹಗ್ಗವನ್ನು ಎಳೆದು ಪರೀಕ್ಷಿಸಿ, ಮಳೆಗಾಲದಲ್ಲಿ ಜಾರಿಬಿದ್ದ ಕಲ್ಲುಗಳ ಸುದ್ದಿ ಹೇಳಿ, ಆಮೇಲೆ ಏರುವವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಾರೆ: ನಿಮಗೆ ಕೂರುವವರು ಯಾರು? ಅವರು ಹೆಸರು ಹೇಳಿದರೆ, ಆ ಹೆಸರಿನವರು ಕೂತಲ್ಲಿಂದಲೇ ಕೈ ಎತ್ತುತ್ತಾರೆ. ಸಾವಂತ್ರೆವ್ವ ಅಂದು ಸ್ವಲ್ಪ ಮುಂದೆಯೇ ಕೂತಿದ್ದಳು. ಮನೆಯ ಮೌನ ಬೇರೆ, ಕಡಗೋಲುಗುಂಡು ಬೇರೆ ಎಂದು ಅವಳ ಎಣಿಕೆ. ಸರದಿ ಬಂದಾಗ ಕಸ್ತೂರಿ, "ಗುರುಸಿದ್ದಪ್ಪ ಕಾಕಾ" ಎಂದಳು.

ಅರ್ಧ ಎದ್ದಿದ್ದ ಕೈಯನ್ನು ಸಾವಂತ್ರೆವ್ವ ತಲೆಯ ಕೂದಲು ಸರಿಮಾಡಿಕೊಳ್ಳಲು ಬಳಸಿದಳು.

ಗುರುಸಿದ್ದಪ್ಪನವರು ದೊಡ್ಡ ಮೈಯವರು, ದೊಡ್ಡ ದನಿಯವರು. ಏರುವವರ ಮುಂದಾಳಿಗೆ ಕೂರುವ ಮಾನ ಸಿಕ್ಕಿದ್ದಕ್ಕೆ ಅವರು ಮನೆಯಿಂದ ತಮ್ಮ ಬೆತ್ತದ ಕುರ್ಚಿಯನ್ನೇ ತರಿಸಿದರು. "ನನ್ನ ಕಾಲು ನೋಡವ್ವ," ಎಂದು ಕಸ್ತೂರಿಗೆ ತೋರಿಸಿದರು, "ಗಿರಣಿ ಕಂಬ ಇದ್ದಂಗ ಅದಾವ. ಎಷ್ಟ ಬೇಕ ಅಷ್ಟ ದಣಿವು ಕಳಸು."

ಮರುದಿನ ಬೆಳಿಗ್ಗೆ ಕಸ್ತೂರಿ ಹಗ್ಗ ಹೊತ್ತುಕೊಂಡು ಹೊರಟುಹೋದಳು. ಸಾವಂತ್ರೆವ್ವ ಜಗಲಿಗೆ ಹೋಗಲಿಲ್ಲ. ಏರುವವರು ಗುಡ್ಡ ಮುಟ್ಟುವ ಮೊದಲೇ ಮನೆಗೆಲಸ ಮುಗಿಸಿ, ಹಗ್ಗ ಹೆಣೆದ ಹೊರಸಿನ ಮೇಲೆ ಏರಿ ಕೂತು, ಎರಡೂ ಕಾಲನ್ನು ಮಡಚಿ ಸೀರೆಯೊಳಗೆ ಎಳೆದುಕೊಂಡಳು.

ಬಸಲಿಂಗಪ್ಪ ಚಹಾ ಕೇಳಿದ. "ನೀವೇ ಮಾಡ್ಕೋರಿ. ಇವತ್ತು ನಾ ನೆಲಕ್ಕ ಕಾಲಿಡಂಗಿಲ್ಲ," ಎಂದಳು.

"ಯಾಕ, ನೆಲಾ ಏನ ಮಾಡೈತಿ ನಿನಗ?"

"ನನ್ನ ಬಿಟ್ಟವರ ದಣಿವಿಗೆ ನಾ ಕಾಯ್ಕೋತ ಕುಂಡ್ರಂಗಿಲ್ಲ. ಅಷ್ಟ ಮರ್ಯಾದಿ ನನಗೂ ಐತಿ."

ಇದು ಗಂಡನಿಗೆ ಹೇಳಿದ್ದು. ನನಗೆ ಹೇಳಿದ್ದು ಬೇರೆ. ಕಾಲು ನೆಲದ ಮೇಲಿದ್ದು, ಹೊತ್ತು ಏರುತ್ತ ಹೋಗಿ, ಬೆರಳು ಉರಿಯದೆ, ಸೊಂಟ ಹಿಡಿಯದೆ, ಮಣಿಕಟ್ಟು ಸುಮ್ಮನೆ ಇದ್ದುಬಿಟ್ಟರೆ ಆ ಸುಮ್ಮನಿರುವಿಕೆಯನ್ನು ತಾಳುವುದು ಹೇಗೆ ಎಂಬ ಭಯ. ಕಾಲು ಮೇಲಿದ್ದರೆ ಏನೂ ಬಾರದಿರುವುದಕ್ಕೆ ಒಂದು ಕಾರಣವಾದರೂ ಇರುತ್ತದೆ. ಚಹಾ ಮಾಡಲು ಹೋದ ಬಸಲಿಂಗಪ್ಪ ಸಕ್ಕರೆಯ ಡಬ್ಬಿ ಎಲ್ಲಿ, ಸೋಸಣಿಗೆ ಎಲ್ಲಿ ಎಂದು ಒಳಗಿನಿಂದ ಕೂಗುತ್ತಲೇ ಇದ್ದ. ಅವಳು ಹೊರಸಿನ ಮೇಲಿಂದಲೇ ದಾರಿ ಹೇಳುತ್ತಿದ್ದಳು.

ಅತ್ತ ಜಗಲಿಯ ಮೇಲೆ ಗುರುಸಿದ್ದಪ್ಪನವರು ಬೆತ್ತದ ಕುರ್ಚಿಯಲ್ಲಿ ಕೂತು, ಕಂಬದಂಥ ಕಾಲನ್ನು ನೆಲಕ್ಕೂರಿ, ಕಣ್ಣು ಮುಚ್ಚಿ ಕಾದರು. ಏನೂ ಬರಲಿಲ್ಲ. ಒಂದು ತಾಟು ಉಪ್ಪಿಟ್ಟು ತಿಂದರು. ಪಕ್ಕದ ಕುಂತವರೆಲ್ಲ ಉಸ್ಸೆನ್ನುತ್ತ, ಬಿಸಿನೀರಿಗೆ ಕೈಚಾಚುತ್ತ ಇದ್ದರೆ ಇವರಿಗೆ ಒಂದು ಆಕಳಿಕೆಯೂ ಬರಲಿಲ್ಲ. "ಅಕಿ ಭಾರೀ ಹಗೂರ ಏರತಾಳಪಾ. ಹೂವ ಹೂವ," ಎಂದರು. ಇನ್ನೊಂದು ತಾಟು ಉಪ್ಪಿಟ್ಟು ತರಿಸಿದರು. (ಅದು ಉಪ್ಪಿಟ್ಟಲ್ಲ, ಬರೀ ಚುರುಮುರಿ, ಅದೂ ಒಂದೇ ತಾಟು ಎಂಬುದು ಗುರುಸಿದ್ದಪ್ಪನವರ ಹೇಳಿಕೆ.)

ಆಗ ಗುಡ್ಡದ ಕಡೆಯಿಂದ ಸೀಟಿ ಕೇಳಿಸಿತು. ಚಿಕ್ಕ ಸೀಟಿಯಾದರೆ ಹಗ್ಗ ಬಿಡು ಎಂದು, ಎರಡು ಸೀಟಿಯಾದರೆ ತುದಿ ಮುಟ್ಟಿದೆವು ಎಂದು. ಇದು ಒಂದೇ, ಉದ್ದ, ಉಸಿರು ಮುಗಿಯುವ ತನಕ ಊದಿದ್ದು. ಯಾರೋ ಸಿಕ್ಕಿಬಿದ್ದಿದ್ದಾರೆ ಎಂದು ಅದರ ಅರ್ಥ. ಸಂಘದ ನಿಯಮದಲ್ಲಿ ಇತ್ತೇ ಹೊರತು ಯಾರೂ ಅದುವರೆಗೆ ಕೇಳಿದ್ದಿಲ್ಲ. ಇಮಾಮಸಾಬರು ಕುಂತವರ ಸಾಲನ್ನು ಒಂದು ತುದಿಯಿಂದ ನೋಡುತ್ತ ಬಂದರು. ಎಲ್ಲರ ಮುಖದ ಮೇಲೂ ಬೆವರಿತ್ತು. ಬೆವರಿಲ್ಲದ್ದು ಬೆತ್ತದ ಕುರ್ಚಿಯ ಮುಖ ಒಂದೇ.

"ಗುರುಸಿದ್ದಪ್ಪ, ನಿಮಗ ಬೆಳಗಿನಿಂದ ಏನರ ಬಂದೈತೇನ್ರಿ?"

"ಬರವಲ್ದೋ ಮಾರಾಯ. ಕಾಲು ಒತ್ತಿ ಒತ್ತಿ ಇಟ್ಟೀನಿ."

ಇಮಾಮಸಾಬರು ಚಪ್ಪಲಿ ಹುಡುಕಲಿಲ್ಲ. ಬರಿಗಾಲಲ್ಲೇ ಬಸಲಿಂಗಪ್ಪನ ಮನೆಗೆ ಓಡಿದರು. ವಯಸ್ಸಾದ ಮನುಷ್ಯ, ಬಾಗಿಲ ಚೌಕಟ್ಟು ಹಿಡಿದು ನಿಂತು ಉಸಿರು ಸುಧಾರಿಸಿಕೊಂಡ ಮೇಲೆಯೇ ಮಾತು ಹೊರಟಿದ್ದು.

"ಸಾವಂತ್ರಕ್ಕ, ಕಾಲು ಕೆಳಗ ಇಡ್ರಿ."

"ಯಾಕ ಇಡ್ಲಿ? ಅಕಿ ಯಾರ ಹೆಸರು ಹೇಳ್ಯಾಳ ಅಂತ ಇಡೀ ಸಂಘ ಕೇಳೈತಿ."

"ನಿನ್ನೆ ಅಂಗಳದಾಗ ಹೇಳಿದ್ದು ಕೇಳೈತಿ. ಇವತ್ತು ಕಲ್ಲಿಗೆ ಹೇಳಿದ್ದು ಯಾರೂ ಕೇಳಿಲ್ಲ. ಮ್ಯಾಲಿಂದ ಉದ್ದ ಸೀಟಿ ಬಂದೈತ್ರಿ. ಗುರುಸಿದ್ದಪ್ಪಗ ಏನೂ ಬಂದಿಲ್ಲ. ಅಕಿ ದಣಿವು ಅಕಿ ಕಡೇನೇ ಉಳದೈತಿ ಅಂತ ನನಗ ಅನಸ್ತೈತಿ."

ಆ ಮಾತಿನ ಭಾರ ಆ ಊರಿನವರಿಗೆ ಮಾತ್ರ ಪೂರ್ತಿ ತಿಳಿದೀತು. ಕಸ್ತೂರಿ ಹುಟ್ಟಿ ಬೆಳೆದು ಇಷ್ಟು ವರ್ಷವಾದರೂ ಗುಡ್ಡದ ಮೇಲೆ ಒಮ್ಮೆಯೂ ದಣಿದವಳಲ್ಲ. ಅವಳ ಜೊತೆಗಿದ್ದವರೂ ಅಷ್ಟೇ. ಒಂದು ಗುಟುಕು ನೀರು ಯಾರ ಬಳಿಯೂ ಇರಲಿಲ್ಲ. ದಣಿದವರು ಏನು ಮಾಡಬೇಕು ಎಂಬುದೂ ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಸೋತ ತೋಳಿನಲ್ಲಿ ಮುಂದೆ ಹತ್ತುವಂತಿಲ್ಲ. ಇಳಿಯಲಿಕ್ಕೂ ತೋಳೇ ಬೇಕು.

ಸಾವಂತ್ರೆವ್ವ ಕಾಲನ್ನು ಹೊರಸಿನ ಅಂಚಿಗೆ ತಂದಳು. ಅಲ್ಲಿಯೇ ತಡೆದಳು.

"ಇಟ್ಟ ಮ್ಯಾಲೂ ಏನೂ ಬರಲಿಲ್ಲಂದ್ರ?" ಎಂದು ಕೇಳಿದಳು.

ಉತ್ತರ ಕೊಟ್ಟದ್ದು ಚಹಾದ ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತ ಬಸಲಿಂಗಪ್ಪ. "ಬರಲಿಲ್ಲಂದ್ರ ಮತ್ತ ಮ್ಯಾಲ ಇಟ್ಕೊಂಡ್ರಾತು. ನಾ ಯಾರಿಗೂ ಹೇಳಂಗಿಲ್ಲ. ಇಡು."

ಅವಳು ಎರಡೂ ಕಾಲನ್ನು ಒಮ್ಮೆಲೇ ನೆಲಕ್ಕಿಟ್ಟಳು.

ಬಂತು. ಬೆಳಗಿನಿಂದ ಕೂಡಿಬಿದ್ದದ್ದೆಲ್ಲ ಒಟ್ಟಿಗೆ, ಕಟ್ಟೆಯೊಡೆದ ಹಾಗೆ ಬಂತು. ಅಂಗಾಲು, ಮೀನಖಂಡ, ತೊಡೆ, ಸೊಂಟ. ಸಾವಂತ್ರೆವ್ವ ಹೊರಸಿನ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ಬಾಗಿದಳು. ಬಸಲಿಂಗಪ್ಪ ಬೋಗುಣಿ ಬಿಟ್ಟು ಬಂದು ಹೆಂಡತಿಯ ಭುಜ ಹಿಡಿದ. ಅವಳ ಗಂಟಲು ಎಷ್ಟು ಒಣಗಿತ್ತೆಂದರೆ ಮೊದಲ ಮಾತು ಹೊರಡಲಿಲ್ಲ. ತಂಬಿಗೆಯ ನೀರು ಪೂರ್ತಿ ಕುಡಿದ ಮೇಲೆಯೇ ಹೊರಟಿತು.

"ನಡುಬಿರುಕು ದಾಟ್ಯಾಳ," ಎಂದಳು. "ಮ್ಯಾಲಿನ ನುಣುಪುಗಲ್ಲಿಗೆ ಹೋಗಿ ಜಾರ್ಯಾಳ. ಎಡಗಾಲ ಮ್ಯಾಲ ಬಿದ್ದಾಳ, ದೊಡ್ಡದೇನಿಲ್ಲ. ಇಮಾಮಣ್ಣ, ಹೋಗಿ ಹೇಳ್ರಿ, ನಾ ಕುಂತೀನಿ ಅಂತ ಸೀಟಿ ಊದ್ರಿ."

ಹೇಳುತ್ತಿದ್ದಾಗಲೇ ಅವಳ ಬಲಗೈ ಮಣಿಕಟ್ಟು ನಡುಗತೊಡಗಿತು. ಇಮಾಮಸಾಬರ ಕಣ್ಣು ಅದರ ಮೇಲೆ ಬಿತ್ತು. ಅವರು ನೋಡುತ್ತಿದ್ದಾರೆಂದು ಕಂಡ ಸಾವಂತ್ರೆವ್ವ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಮೇಲೆ ಎಡಗೈ ಮುಚ್ಚಿಕೊಂಡಳು. "ಚಳಿ," ಎಂದಳು. ಹೊರಗೆ ರಣಬಿಸಿಲಿತ್ತು. "ಹೌದ್ರಿ, ಚಳಿ ಭಾಳೈತಿ," ಎಂದು ಇಮಾಮಸಾಬರು ಹೊರಟುಹೋದರು.

ಸಂಜೆಗೆ ಎರಡು ಸೀಟಿ ಕೇಳಿಸಿ, ಹೊತ್ತು ಮುಳುಗುವ ಮೊದಲೇ ಎಲ್ಲರೂ ಇಳಿದು ಬಂದರು. ಕಸ್ತೂರಿ ಸಂಘದ ಅಂಗಳದಲ್ಲಿ ನಿಲ್ಲದೆ ನೇರ ಮನೆಗೆ ಬಂದಳು. ಲಂಗದ ಕಾಲದಲ್ಲಿ ಮಾಡುತ್ತಿದ್ದ ಹಾಗೆಯೇ ಬಿಸಿನೀರು ತಂದು, ಅತ್ತಿಗೆಯ ಕಾಲ ಬಳಿ ಕೂತಳು. ಬಸಲಿಂಗಪ್ಪ, "ಇವತ್ತು ನಾ ಟಪಾಲು ಒಯ್ಯಂಗಿಲ್ಲ," ಎಂದು ಮೊದಲೇ ಹೇಳಿಬಿಟ್ಟ.

"ನಾ ಹಂಗ ಅನಬಾರದಿತ್ತು," ಎಂದಳು ಸಾವಂತ್ರೆವ್ವ. "ಜಗಲಿ ಮ್ಯಾಲ. ಕೈ ನಡಗೋ ಮಾತು."

"ನಡಗತೈತಿ," ಎಂದಳು ಕಸ್ತೂರಿ. "ಸುಳ್ಳ ಏನ ಹೇಳಿದಿ? ಆದ್ರ ನನ್ನ ಕೈ ನಡಗೋದು ನಾ ಹೇಳಬೇಕು."

"ಹೌದು."

"ನಾನೂ ಅಂಗಳದಾಗ ಹಂಗ ಅನಬಾರದಿತ್ತು."

ಕಲ್ಲಿಗೆ ಯಾಕೆ ಬೇರೆ ಹೆಸರು ಹೇಳಿದೆ ಎಂದು ಬಸಲಿಂಗಪ್ಪ ಕೇಳಿದ. ಇಲ್ಲಿ ಹೇಳಿಕೆಗಳು ಕೂಡುವುದಿಲ್ಲ. ಇಪ್ಪತ್ತು ವರ್ಷದ ರೂಢಿ, ಬಾಯಿ ತಪ್ಪಿ ಬಂದಿತು ಎಂದಳೆಂದು ಗುರುಸಿದ್ದಪ್ಪನವರ ವಾದ; ಅವರಿಗೆ ಅದರಲ್ಲೇ ಮಾನ. ಬೇಕೆಂದೇ ಹೇಳಿದಳೆಂದು ಇಮಾಮಸಾಬರ ನಂಬಿಕೆ. ಸಾವಂತ್ರೆವ್ವ ಹೇಳುವುದು ಮಾತ್ರ ಹೀಗೆ: ಕಸ್ತೂರಿ ಕಾಲು ತಿಕ್ಕುತ್ತಿದ್ದ ಕೈಯಿಂದ ಸ್ವಲ್ಪ ಒತ್ತಿದಳು, ಅಷ್ಟೇ.

ಆಮೇಲೆ ಕಸ್ತೂರಿ ಗುಡ್ಡದ ಮೇಲೆ ಆದದ್ದನ್ನು ಹೇಳಿದಳು. ಬುಡದಿಂದಲೇ ಕಾಲು ಭಾರವಾದವಂತೆ. ಜ್ವರ ಬಂತೆಂದುಕೊಂಡಳು. ನಡುಬಿರುಕು ದಾಟಿ ನುಣುಪುಗಲ್ಲಿನಿಂದ ಜಾರಿ ಬಿದ್ದಾಗ, ಇದು ಜ್ವರವಲ್ಲ, ಸಾವೇ ಇರಬೇಕೆಂದುಕೊಂಡಳು. ಜೊತೆಗಿದ್ದವರಲ್ಲಿ ಒಬ್ಬ, ಇನ್ನೂ ಜೋರಾಗಿ ಹತ್ತಿ ನೋಡಕ್ಕ ಎಂದ. ಇನ್ನೊಬ್ಬ, ಕಾಲನ್ನು ಕಲ್ಲಿಗೆ ಬಡಿದು ನೋಡು, ಸರಿಹೋಗಬಹುದು ಎಂದ. ಬೇರೇನೂ ತೋಚದೆ ಅವಳು ಬಿದ್ದಲ್ಲಿಯೇ ಇದ್ದ ಕಲ್ಲಿನ ಕಟ್ಟೆಯ ಮೇಲೆ ಬಂಡೆಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಇಪ್ಪತ್ತು ವರ್ಷದಲ್ಲಿ ಆ ಕಟ್ಟೆಯ ಮೇಲೆ ಅವಳು ಕಾಲಿಟ್ಟಿದ್ದಳೇ ಹೊರತು ಕೂತದ್ದಿಲ್ಲ. ಕೂರುವುದಕ್ಕೆ ಕಾರಣವೇ ಇರಲಿಲ್ಲ.

"ಕುಂತ್ರ ಬೆನ್ನು ಕಲ್ಲಿನ ಕಡೆ, ಮುಖ ಊರ ಕಡೆ ಆಗ್ತೈತಿ ವೈನಿ. ಏರೋವಾಗ ಯಾವತ್ತೂ ಮುಖ ಕಲ್ಲಿಗೇ ಇರ್ತಿತ್ತು. ಇಡೀ ಊರು ಕಾಣ್ತೈತಿ ಅಲ್ಲಿಂದ. ನಮ್ಮ ಮನಿ ಹಿತ್ತಲದಾಗ ನೀ ಹರವಿದ ಮೆಣಸಿನಕಾಯಿ, ಕುಂಕುಮದ ಬೊಟ್ಟಿನಂಗ ಕಾಣ್ತಿತ್ತು. ಕೆರಿ ಒಂದ ಮಗ್ಗಲು ಹಸರೈತಿ, ಒಂದ ಮಗ್ಗಲು ನೀಲಿ. ನನಗ ಗೊತ್ತಽ ಇರಲಿಲ್ಲ. ಉಸರು ನಿಧಾನ ಆಗಿ, ಬೆವರಿಗೆ ಗಾಳಿ ಬಡದು, ಆಹಾ ಅಂತ ಅನ್ನೂದರೊಳಗ…" ಕಸ್ತೂರಿಯ ದನಿಯಲ್ಲಿ ಈಗ ನಿಜವಾದ ಆಕ್ಷೇಪಣೆ ಬಂತು. "ಅಷ್ಟರಾಗ ನೀ ಕಸಗೊಂಡಿ. ಪೂರಾ ಕಸಗೊಂಡಿ. ಕುಂಡ್ರಬೇಕು ಅನ್ನೂದಽ ಹೋತು. ಎದ್ದು ತುದಿ ಮುಟ್ಟಿ ಬಂದೆ."

ಸಾವಂತ್ರೆವ್ವ ಹಣೆ ಬಡಿದುಕೊಂಡಳು. "ಎಲೀ ಇಕಿನ. ನಾ ಇಲ್ಲಿ ಸತ್ತು ಹುಟ್ಟೀನಿ, ಇಕಿಗೆ ಕಸಗೊಂಡೆ ಅಂತ ಸಿಟ್ಟು. ಹಂಗಿದ್ರ ಇನ್ನಮ್ಯಾಲ ನೀನಽ ಇಟ್ಕೋ."

"ಪೂರಾ ಬ್ಯಾಡ. ಪೂರಾ ಇದ್ರ ಏರಾಕ ಆಗಂಗಿಲ್ಲ. ಅರ್ಧ."

"ದಣಿವೇನ ರೊಟ್ಟಿಯೇನ, ಮುರದು ಕೊಡಾಕ?" ಎಂದ ಬಸಲಿಂಗಪ್ಪ.

ಸಾವಂತ್ರೆವ್ವ ನೋಯುವ ಕಾಲನ್ನು ಕಸ್ತೂರಿಯ ತೊಡೆಯ ಮೇಲೆ ಬಿಟ್ಟು, ಇನ್ನೊಂದು ಕಾಲನ್ನು ನೋಡುತ್ತ ಕೂತಿದ್ದಳು. "ಒಂದ ಕಾಲು ಮ್ಯಾಲ ಇಟ್ಕೊಂಡ್ರ?" ಎಂದಳು ಕೊನೆಗೆ.

ಮುಂದಿನ ಭಾನುವಾರ ಊರಂಚಿನ ಸಣ್ಣ ಬಂಡೆಯ ಮೇಲೆ ಪರೀಕ್ಷೆ ನಡೆಯಿತು. ದಣಿವು ಎಡ, ಬಲ ಎಂದು ಹರಿದು ಹಂಚಿಕೆಯಾಗಲಿಲ್ಲ. ಗಟ್ಟಿ ಮಜ್ಜಿಗೆಗೆ ನೀರು ಬೆರೆಸಿದ ಹಾಗೆ ತೆಳ್ಳಗಾಗಿ ಇಬ್ಬರಿಗೂ ಸಮನಾಗಿ ಬಂತು. ಇದು ತಿಳಿದಾಗ ಸಂಘದಲ್ಲಿ ದೊಡ್ಡ ಗದ್ದಲವಾಯಿತು. ಗುರುಸಿದ್ದಪ್ಪನವರು ಎದ್ದು ನಿಂತು, "ಏರೋರು ತಾವಽ ದಣಿಯೋದಾದ್ರ ಕುಂತವರ ಕಿಮ್ಮತ್ತೇನು?" ಎಂದು ಕೇಳಿದರು. ಇಮಾಮಸಾಬರು, ಯಾರಿಗೂ ಬಲವಂತವಿಲ್ಲ, ಎರಡೂ ಕಾಲು ಇಡುವವರು ಎರಡೂ ಇಡಲಿ, ಒಂದು ಇಡುವವರು ಒಂದು ಇಡಲಿ ಎಂದು ಸಮಾಧಾನ ಮಾಡಿದರು. ಕಸ್ತೂರಿ ಎದ್ದು, "ನಡುಬಿರುಕಿನಾಗ ನನ್ನ ಕೈ ನಡಗತೈತಿ. ಯಾರಿಗಾರ ಕೇಳೂದಿದ್ರ ನನ್ನ ಕೇಳ್ರಿ," ಎಂದು ಸಭೆಗೆ ಹೇಳಿ ಕೂತಳು. ಒಬ್ಬರೂ ನಗಲಿಲ್ಲ, ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ, ತನಗೆ ಬುಡದಲ್ಲೇ ನಡುಗುತ್ತದೆ ಎಂದ.

ಆ ಚಳಿಗಾಲ ಸಂಘದ ಹೊಸ ಕೆಲಸವೆಂದರೆ ಏರುವವರಿಗೆ ದಣಿಯಲು ಕಲಿಸುವುದು. ದಿನವಿಡೀ ಬಂಡೆಯ ಮೇಲೆ ಹಲ್ಲಿಯಂತೆ ಓಡಾಡುವವರಿಗೆ ಒಂದು ಕಡೆ ಕೂತು ಉಸಿರು ಸುಧಾರಿಸಿಕೊಳ್ಳುವುದು ಬರುತ್ತಿರಲಿಲ್ಲ. ನೀರನ್ನು ಒಮ್ಮೆಲೇ ಗಟಗಟ ಕುಡಿದು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಬುತ್ತಿ ಕಟ್ಟಿಕೊಂಡು ಹೋಗಿ ಬಿಚ್ಚುವುದನ್ನೇ ಮರೆತು ಬರುತ್ತಿದ್ದರು. ಕುಂತವರು ಅಂಗಳದಲ್ಲಿ ಅವರನ್ನು ಕೂರಿಸಿ, ಗುಟುಕು ಗುಟುಕಾಗಿ ಕುಡಿ, ಬೆನ್ನು ಕೊಡು, ಕಣ್ಣು ಮುಚ್ಚಬೇಡ, ಮುಂದೆ ನೋಡು ಎಂದು ಗದರಿಸುತ್ತಿದ್ದರು. ಈ ಪಾಠದಲ್ಲಿ ಎಲ್ಲರಿಗಿಂತ ಮೇಲುಗೈ ಗುರುಸಿದ್ದಪ್ಪನವರದು; ಕೂರುವ ಕಲೆಯಲ್ಲಿ ತಮ್ಮನ್ನು ಮೀರಿಸುವವರು ಗುಡ್ಡದ ಮೇಲೂ ಇಲ್ಲ, ಕೆಳಗೂ ಇಲ್ಲ ಎಂದು ಅವರು ನನಗೇ ಹೇಳಿದ್ದುಂಟು.

ಮರುವರ್ಷದ ಕಡಗೋಲುಗುಂಡಿನ ದಿನ ನಾನೂ ಆ ಊರಿನಲ್ಲಿದ್ದೆ. ಜಗಲಿಯ ಮೇಲೆ ಸಾಲಾಗಿ ಕೂತವರಲ್ಲಿ ಬಹಳ ಮಂದಿ ಒಂದು ಕಾಲು ಇಳಿಬಿಟ್ಟು, ಒಂದು ಕಾಲು ಮಡಚಿ ಮೇಲಿಟ್ಟಿದ್ದರು. ಸಾವಂತ್ರೆವ್ವನ ಪಕ್ಕದಲ್ಲಿ ಗುರುಸಿದ್ದಪ್ಪನವರ ಬೆತ್ತದ ಕುರ್ಚಿ. ಅವಳು ಬೆರಳು ಹಿಸುಕಿಕೊಂಡಳು, ಒರಟುಗಲ್ಲು. ಸೊಂಟಕ್ಕೆ ಕೈ ಕೊಟ್ಟಳು, ತಿರುವು. ಬಹಳ ಹೊತ್ತು ತೋಳು ಒತ್ತಿಕೊಳ್ಳುತ್ತ, ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಸುಮ್ಮನಿದ್ದಳು. ಆಮೇಲೆ ಎಲ್ಲವೂ ಒಮ್ಮೆಗೆ ನಿಂತ ಹಾಗೆ ಅವಳ ಮೈ ಸಡಿಲಾಯಿತು. ಕೈ ಸೆರಗಿನಿಂದ ಹೊರಗೆ ಬಂತು. ಅವಳು ಬಿಸಿಲಿಗೆ ಅಂಗೈ ಅಡ್ಡ ಹಿಡಿದು ಬೆರಳಿನಷ್ಟು ಕಾಣುವ ಆ ಬಂಡೆಯ ಕಡೆ ನೋಡಿದಳು.

ಗುರುಸಿದ್ದಪ್ಪನವರಿಗೆ ಗಾಬರಿಯಾಯಿತು. "ಏನಾತವ್ವ? ಬರೋದು ನಿಂತೇನ?"

"ಏನಿಲ್ರಿ," ಎಂದಳು ಸಾವಂತ್ರೆವ್ವ. "ಕುಂತಾಳ."